ಹಳೆ ಪಿಸಿಗೆ ಯಾವ ಕಂಪೈಲರ್?

ಮನೆಯಲ್ಲೊಂದು ಹಳೆ ಕಂಪ್ಯೂಟರ್ ಇದೆ. ಮಗಳು ಬಿಸಿಎ ಸೇರಿದ್ದಾಳೆ, ಇಲ್ಲವೇ ಮಗ ಬಿಇ ಮೊದಲ ವರ್ಷದಲ್ಲಿದ್ದಾನೆ. ಕಲಿಯಬೇಕಾದದ್ದು ಸಿ ಭಾಷೆ. ಆ ಹಳೆ ಯಂತ್ರಕ್ಕೆ ಯಾವ ಕಂಪೈಲರ್ ಹಾಕಬೇಕು? ಕಲಬುರಗಿಯಲ್ಲಿ ಈ ಪ್ರಶ್ನೆ ಕೇಳಿದರೆ ಒಬ್ಬೊಬ್ಬರದು ಒಂದೊಂದು ಉತ್ತರ. ಜಗತ್ ಸರ್ಕಲ್ ಆಸುಪಾಸಿನ ರಿಪೇರಿ ಅಂಗಡಿಯವರು ಸಿಪಿಯು ಡಬ್ಬಿಯನ್ನು ಒಮ್ಮೆ ನೋಡಿ, "ರ‍್ಯಾಮ್ ಎಷ್ಟ್ ಅದರಿ? ಒಂದ್ ಜಿಬಿನಾ? ಇದರಾಗ ಏನೂ ನಡ್ಯಂಗಿಲ್ಲ, ಹೊಸಾದು ತಗೋರಿ" ಅನ್ನುತ್ತಾರೆ. ಕಾಲೇಜಿನ ಸೀನಿಯರ್‌ಗಳು ಪೆನ್‌ಡ್ರೈವ್‌ನಲ್ಲಿ ಟರ್ಬೊ ಸಿ++ ಹಾಕಿಕೊಡುತ್ತಾರೆ. ಯೂಟ್ಯೂಬ್‌ನವರು ವಿಎಸ್ ಕೋಡ್ ಇಳಿಸಿಕೊಳ್ಳಿ ಎನ್ನುತ್ತಾರೆ. ಈ ಯಾವ ಉತ್ತರವೂ ಪೂರ್ತಿ ಸುಳ್ಳಲ್ಲ. ಆದರೆ ಯಾವುದನ್ನೂ ಆ ಯಂತ್ರವನ್ನು ಸರಿಯಾಗಿ ನೋಡಿ ಕೊಟ್ಟಿರುವುದಿಲ್ಲ.

1958ರಲ್ಲಿ ಆರಂಭವಾದ ಪಿಡಿಎ ಇಂಜಿನಿಯರಿಂಗ್ ಕಾಲೇಜಿನಿಂದ ಹಿಡಿದು ಆಳಂದ ರಸ್ತೆಯ ಕಡಗಂಚಿಯಲ್ಲಿರುವ ಕೇಂದ್ರೀಯ ವಿಶ್ವವಿದ್ಯಾಲಯದವರೆಗೆ ಈ ಊರಿನ ಸುತ್ತ ಕಂಪ್ಯೂಟರ್ ಕಲಿಸುವ ಸಂಸ್ಥೆಗಳು ಸಾಕಷ್ಟಿವೆ. ಅಲ್ಲಿ ಓದುವವರಲ್ಲಿ ಎಷ್ಟೋ ಮಂದಿ ಕಮಲಾಪುರದಂಥ ತಾಲ್ಲೂಕು ಊರುಗಳಿಂದ ಬಸ್ಸಿನಲ್ಲಿ ಬಂದು ಹೋಗುವವರು. ಲ್ಯಾಬ್‌ನಲ್ಲಿ ವಾರಕ್ಕೆ ಸಿಗುವುದು ಕೆಲವೇ ತಾಸು. ಉಳಿದ ಅಭ್ಯಾಸವೆಲ್ಲ ಮನೆಯ ಯಂತ್ರದ ಮೇಲೇ ಆಗಬೇಕು, ಆ ಯಂತ್ರವೋ ಅಣ್ಣನ ಕಾಲದ್ದು. ಹೀಗಾಗಿ ಇದು ಹವ್ಯಾಸಿಗಳ ಕುತೂಹಲದ ಪ್ರಶ್ನೆಯಲ್ಲ. ಹೊಸ ಲ್ಯಾಪ್‌ಟಾಪ್ ಕೊಳ್ಳಬೇಕೋ ಬೇಡವೋ ಎಂಬ ಖರ್ಚಿನ ಪ್ರಶ್ನೆ.

ಹಳೆಯದು ಎಂದರೆ ಎಷ್ಟು ಹಳೆಯದು ಎಂಬುದನ್ನು ಮೊದಲು ಗೊತ್ತುಮಾಡಿಕೊಳ್ಳಬೇಕು. ಪೆಂಟಿಯಮ್ 4, ಅರ್ಧ ಅಥವಾ ಒಂದು ಜಿಬಿ ರ‍್ಯಾಮ್, ವಿಂಡೋಸ್ ಎಕ್ಸ್‌ಪಿ ಇರುವ ಯಂತ್ರಗಳು ಇನ್ನೂ ಅಲ್ಲಲ್ಲಿ ಬದುಕಿವೆ. ಅದಕ್ಕಿಂತ ಹೆಚ್ಚು ಕಾಣುವುದು ಕೋರ್ 2 ಡ್ಯುಯೊ ಅಥವಾ ಡ್ಯುಯಲ್ ಕೋರ್ ಪ್ರೊಸೆಸರ್, ಎರಡು ಜಿಬಿ ರ‍್ಯಾಮ್, ವಿಂಡೋಸ್ 7 ಇರುವ ಅಸೆಂಬಲ್ಡ್ ಸಿಸ್ಟಮ್‌ಗಳು. ಇನ್ನು ಕೆಲವರ ಹತ್ತಿರ ವಿಂಡೋಸ್ 10 ಹೊತ್ತುಕೊಂಡು ಏದುಸಿರು ಬಿಡುವ ಅಗ್ಗದ ಲ್ಯಾಪ್‌ಟಾಪ್ ಇದೆ. ಬಹಳ ಜನಕ್ಕೆ ತಿಳಿಯದ ಸಂಗತಿಯೊಂದಿದೆ: ಎರಡನೆಯ ಗುಂಪಿನ ಯಂತ್ರಗಳಲ್ಲಿ 32 ಬಿಟ್‌ನ ವಿಂಡೋಸ್ ಹಾಕಿದ್ದರೂ ಪ್ರೊಸೆಸರ್ 64 ಬಿಟ್‌ನದೇ. ಕೋರ್ 2 ಡ್ಯುಯೊ ಎಲ್ಲವೂ 64 ಬಿಟ್. ಆಗ ರ‍್ಯಾಮ್ ಕಡಿಮೆ ಎಂಬ ಕಾರಣಕ್ಕೆ ಅಂಗಡಿಯವರು 32 ಬಿಟ್ ಹಾಕಿಕೊಟ್ಟರು, ಅದು ಹಾಗೇ ಉಳಿಯಿತು. ಕಂಪೈಲರ್ ಆಯ್ಕೆಯಲ್ಲಿ ಈ ಒಂದು ವಿವರದಿಂದ ಎಷ್ಟೋ ಬಾಗಿಲು ತೆರೆಯುತ್ತವೆ.

ಟರ್ಬೊ ಸಿಯಿಂದಲೇ ಶುರು ಮಾಡೋಣ. ನಮ್ಮಲ್ಲಿ ಇಂದಿಗೂ ಕಂಪೈಲರ್ ಎಂದರೆ ಆ ನೀಲಿ ಪರದೆಯೇ. ಅದರ ಹಿಂದೆ ದೊಡ್ಡ ಕಥೆಯಿದೆ. 1983ರಲ್ಲಿ ಬೋರ್‌ಲ್ಯಾಂಡ್ ಕಂಪನಿ ಟರ್ಬೊ ಪಾಸ್ಕಲ್ ಅನ್ನು 49.95 ಡಾಲರಿಗೆ ಮಾರಿತು. ಬೇರೆಯವರ ಕಂಪೈಲರ್‌ಗಳಿಗೆ ನೂರಾರು ಡಾಲರ್ ಕೊಡಬೇಕಿದ್ದ ಕಾಲವದು. ಎಡಿಟರ್, ಕಂಪೈಲರ್ ಎರಡನ್ನೂ ಒಂದೇ ಪರದೆಯಲ್ಲಿ ಇಟ್ಟು, ತಪ್ಪಾದ ಸಾಲಿಗೇ ಕರ್ಸರ್ ತಂದು ನಿಲ್ಲಿಸುವ ಏರ್ಪಾಡು ಅದರದು. ಬರೆದವರು ಡೆನ್ಮಾರ್ಕ್‌ನ ಆಂಡರ್ಸ್ ಹೈಲ್ಸ್‌ಬರ್ಗ್. 1987ರಲ್ಲಿ ಟರ್ಬೊ ಸಿ, 1990ರಲ್ಲಿ ಟರ್ಬೊ ಸಿ++ ಅದೇ ಜಾಡಿನಲ್ಲಿ ಬಂದವು. ಭಾರತದ ಕಾಲೇಜುಗಳಲ್ಲಿ ಕಂಪ್ಯೂಟರ್ ಲ್ಯಾಬ್ ಬಂದ ಹೊತ್ತಿಗೆ ಸಾಮಾನ್ಯ ಪಿಸಿಯಲ್ಲಿ ನಡೆಯುವ, ಫ್ಲಾಪಿಗಳಲ್ಲಿ ತುಂಬಿಕೊಂಡು ಒಯ್ಯಬಹುದಾದ ಕಂಪೈಲರ್ ಇದಾಗಿತ್ತು. ಯಶವಂತ ಕಾನೇಟ್ಕರ್ ಅವರ 'ಲೆಟ್ ಅಸ್ ಸಿ'ಯ ಹಳೆಯ ಆವೃತ್ತಿಗಳನ್ನು ಓದಿ ಕಲಿತ ತಲೆಮಾರೇ ಮುಂದೆ ಮೇಷ್ಟರಾಯಿತು. ರೆಕಾರ್ಡ್ ಪುಸ್ತಕ, ಲ್ಯಾಬ್ ಮ್ಯಾನ್ಯುಯಲ್, ಪ್ರಶ್ನೆಪತ್ರಿಕೆ ಎಲ್ಲದರಲ್ಲೂ ಟರ್ಬೊ ಸಿಯ ನಡೆನುಡಿ ಹೊಕ್ಕಿತು.

ಅದರ ಒಳ್ಳೆಯ ಗುಣಗಳನ್ನು ಅಲ್ಲಗಳೆಯುವುದು ಸರಿಯಲ್ಲ. ಪೂರ್ತಿ ಹಾಕಿದರೂ ಅದು ಹಿಡಿಯುವ ಜಾಗ ಇವತ್ತಿನ ಒಂದೆರಡು ಫೋಟೊಗಳಷ್ಟು. ಫಂಕ್ಷನ್ ಹೆಸರಿನ ಮೇಲೆ ಕರ್ಸರ್ ಇಟ್ಟು ಕಂಟ್ರೋಲ್ ಎಫ್1 ಒತ್ತಿದರೆ ಉದಾಹರಣೆ ಸಮೇತ ವಿವರಣೆ ಬರುತ್ತದೆ, ಇಂಟರ್‌ನೆಟ್ ಬೇಕಿಲ್ಲ. ಎಫ್7 ಒತ್ತುತ್ತ ಒಂದೊಂದೇ ಸಾಲು ನಡೆಸಿ ನೋಡಬಹುದು. ಲೂಪ್ ಎಂದರೇನು ಎಂಬುದು ಎಷ್ಟೋ ಮಂದಿಗೆ ಅರ್ಥವಾದದ್ದು ಹೀಗೆ ಎಫ್7 ಒತ್ತುವಾಗಲೇ.

ತೊಂದರೆ ಇರುವುದು ಬೇರೆ ಕಡೆ. ಟರ್ಬೊ ಸಿಯಲ್ಲಿ ಇಂಟ್ ಎಂಬ ಪೂರ್ಣಾಂಕಕ್ಕೆ 16 ಬಿಟ್ ಮಾತ್ರ. ಹಿಡಿಸುವ ದೊಡ್ಡ ಸಂಖ್ಯೆ 32,767. ತೊಗರಿಯ ಕಣಜ ಎನಿಸಿಕೊಂಡ ಜಿಲ್ಲೆ ನಮ್ಮದು, ಲೆಕ್ಕವನ್ನೂ ತೊಗರಿಯಲ್ಲೇ ಮಾಡೋಣ. 2023–24ರಲ್ಲಿ ಕೇಂದ್ರ ಸರ್ಕಾರ ತೊಗರಿಗೆ ಇಟ್ಟ ಬೆಂಬಲ ಬೆಲೆ ಕ್ವಿಂಟಲಿಗೆ 7,000 ರೂಪಾಯಿ. ಹತ್ತು ಕ್ವಿಂಟಲ್ ಮಾರಿದ ರೈತನಿಗೆ ಬರಬೇಕಾದದ್ದು 70,000. ಪ್ರಮಾಣ, ದರ ಎರಡನ್ನೂ ಇಂಟ್ ಎಂದು ಬರೆದು ಗುಣಿಸಿದರೆ ಟರ್ಬೊ ಸಿ ತೋರಿಸುವ ಮೊತ್ತ 4,464 ರೂಪಾಯಿ. 65,536 ದಾಟಿದ ಕೂಡಲೇ ಎಣಿಕೆ ಮತ್ತೆ ಸೊನ್ನೆಯಿಂದ ಶುರುವಾಗುತ್ತದೆ, ಅಷ್ಟೆ. ಋಣ ಸಂಖ್ಯೆ ಬಂದಿದ್ದರೆ ಹುಡುಗರು ಬೆಚ್ಚಿ ನೋಡುತ್ತಿದ್ದರು. 4,464 ನೋಡಲು ನಿಜದ ಮೊತ್ತದ ಹಾಗೇ ಇದೆ, ಯಾರಿಗೂ ಅನುಮಾನ ಬರುವುದಿಲ್ಲ. ಲ್ಯಾಬ್‌ನ ಫ್ಯಾಕ್ಟೋರಿಯಲ್ ಪ್ರೋಗ್ರಾಮ್‌ಗೂ ಇದೇ ಗತಿ: ಏಳರವರೆಗೆ ಸರಿ, ಎಂಟಕ್ಕೆ 40,320ರ ಬದಲು ಮೈನಸ್ 25,216. ಈಗಿನ ಕಂಪೈಲರ್‌ಗಳಲ್ಲಿ ಇಂಟ್ 32 ಬಿಟ್, ಹನ್ನೆರಡರ ಫ್ಯಾಕ್ಟೋರಿಯಲ್‌ವರೆಗೆ ಸರಿಯಾಗಿ ನಡೆಯುತ್ತದೆ. ಹದಿಮೂರಕ್ಕೆ ಅದೂ ತಪ್ಪುತ್ತದೆ ಎನ್ನುವುದು ನಿಜ. ಮಿತಿ ಎಲ್ಲಕ್ಕೂ ಇದೆ. ಆದರೆ ಮನೆ ಬಾಡಿಗೆ, ಪಗಾರ, ಪಟ್ಟಿಯ ಮೊತ್ತದಂಥ ದಿನನಿತ್ಯದ ಲೆಕ್ಕಕ್ಕೇ ಸಾಲದ ಮಿತಿಯನ್ನು ಹೊಸಬರ ಕೈಗೆ ಕೊಡುವುದೇಕೆ?

ಎರಡನೆಯದು ಭಾಷೆಯದೇ ತೊಡಕು. ಸಿ++ಗೆ ಅಂತರರಾಷ್ಟ್ರೀಯ ಮಾನಕ ಬಂದದ್ದು 1998ರಲ್ಲಿ. ಟರ್ಬೊ ಸಿ++ ಅದಕ್ಕಿಂತ ಮೊದಲಿನದು. ಹೀಗಾಗಿ ಅದರಲ್ಲಿ ನೇಮ್‌ಸ್ಪೇಸ್ ಇಲ್ಲ, ವೆಕ್ಟರ್ ಇಲ್ಲ, ಸ್ಟ್ರಿಂಗ್ ಕ್ಲಾಸ್ ಇಲ್ಲ. ಅಲ್ಲಿ ಕಲಿತವರು 'ಐಒಸ್ಟ್ರೀಮ್ ಡಾಟ್ ಎಚ್' ಎಂದು ಬರೆದು, 'ವಾಯ್ಡ್ ಮೇನ್' ಎಂದು ಶುರುಮಾಡಿ, 'ಕ್ಲಿಯರ್‌ಸ್ಕ್ರೀನ್' ಹಾಕಿ, ಕೊನೆಗೆ 'ಗೆಟ್‌ಸಿಎಚ್' ಎಂದು ಮುಗಿಸುತ್ತಾರೆ. ಅದೇ ಪ್ರೋಗ್ರಾಮನ್ನು ಉದ್ಯೋಗದ ಪರೀಕ್ಷೆಯ ಪರದೆಯಲ್ಲಿ ಟೈಪ್ ಮಾಡಿದರೆ ಮೊದಲ ಸಾಲಿಗೇ ಅಂಥ ಫೈಲ್ ಇಲ್ಲ ಎಂಬ ದೂರು ಬರುತ್ತದೆ. ಹುಡುಗರಿಗೆ ತರ್ಕ ಬರುತ್ತಿರುತ್ತದೆ, ಕೈಗೆ ಹತ್ತಿದ ರೂಢಿ ಬಿಡುವುದಿಲ್ಲ.

ಮೂರನೆಯದು ಅಷ್ಟಾಗಿ ಯಾರೂ ಹೇಳದ್ದು. ಟರ್ಬೊ ಸಿ ನಡೆಯುವುದು ಡಾಸ್ ಎಂಬ ಹಳೆಯ ಆಪರೇಟಿಂಗ್ ಸಿಸ್ಟಮ್ ಮೇಲೆ, ಅಲ್ಲಿ ಮೆಮೊರಿಗೆ ಕಾವಲಿಲ್ಲ. ಹತ್ತು ಮನೆಗಳ ಅರೇಯಲ್ಲಿ ಹದಿನೈದನೆಯ ಮನೆಗೆ ಬರೆದರೂ ಟರ್ಬೊ ಸಿ ಸುಮ್ಮನಿರುತ್ತದೆ. ಕೆಲವೊಮ್ಮೆ ಉತ್ತರ ಸರಿ ಬರುತ್ತದೆ, ಕೆಲವೊಮ್ಮೆ ಪರದೆ ಸ್ತಬ್ಧವಾಗುತ್ತದೆ. ಲಿನಕ್ಸ್‌ನಲ್ಲಿ ಇಂಥ ತಪ್ಪಿಗೆ ಹಲವು ಸಲ 'ಸೆಗ್ಮೆಂಟೇಶನ್ ಫಾಲ್ಟ್' ಎಂದು ಪ್ರೋಗ್ರಾಮ್ ಅಲ್ಲೇ ನಿಲ್ಲುತ್ತದೆ. ಅಲ್ಲಿನ ಜಿಸಿಸಿ ಎಂಬ ಕಂಪೈಲರಿನಲ್ಲಿ ಅಡ್ರೆಸ್ ಸ್ಯಾನಿಟೈಜರ್ ಎಂಬ ಆಯ್ಕೆಯನ್ನೂ ಡಿಬಗ್ ಮಾಹಿತಿಯನ್ನೂ ಜೊತೆಗೆ ಹಚ್ಚಿಕೊಂಡರೆ ಯಾವ ಸಾಲಿನಲ್ಲಿ ಮೇರೆ ಮೀರಿದಿರಿ ಎಂಬುದನ್ನೂ ಹೇಳುತ್ತದೆ. ಕಲಿಯುವವರಿಗೆ ಬೇಕಾದದ್ದು ಇಂಥ ಕಟ್ಟುನಿಟ್ಟಿನ ಮೇಷ್ಟ್ರು.

ಇಷ್ಟಾದರೂ ಟರ್ಬೊ ಸಿಯೇ ಬೇಕು ಎನ್ನುವವರಿಗೆ ಒಂದು ಮಾತು. 32 ಬಿಟ್‌ನ ಎಕ್ಸ್‌ಪಿಯಲ್ಲಿ ಅದು ನೇರವಾಗಿ ನಡೆಯುತ್ತದೆ. 32 ಬಿಟ್‌ನ ವಿಂಡೋಸ್ 7ರಲ್ಲೂ ನಡೆಯುತ್ತದೆ, ಫುಲ್ ಸ್ಕ್ರೀನ್ ಮಾತ್ರ ಸಿಗದು. 64 ಬಿಟ್‌ನ ವಿಂಡೋಸ್ ಇಂಥ 16 ಬಿಟ್ ಪ್ರೋಗ್ರಾಮ್‌ಗಳನ್ನು ಮುಟ್ಟುವುದೇ ಇಲ್ಲ, ಅದಕ್ಕೇ ಡಾಸ್‌ಬಾಕ್ಸ್ ಬೇಕು. ಡಾಸ್‌ಬಾಕ್ಸ್ ಇಡೀ ಹಳೆಯ ಪಿಸಿಯೊಂದನ್ನು ಸಾಫ್ಟ್‌ವೇರ್‌ನಲ್ಲಿ ನಟಿಸುತ್ತದೆ. ಅಂದರೆ ಹಳೆಯ ಯಂತ್ರದ ಮೇಲೆ ಇನ್ನೂ ಹಳೆಯ ಯಂತ್ರವನ್ನು ಹೇರಿದಂತೆ. ಹಗುರ ಎಂದು ಆರಿಸಿಕೊಂಡದ್ದು ಇಲ್ಲಿ ಹಗುರವಾಗಿ ಉಳಿಯುವುದಿಲ್ಲ. ಸಿಕ್ಕಸಿಕ್ಕ ಜಾಲತಾಣಗಳ 'ಒಂದೇ ಕ್ಲಿಕ್' ಇನ್‌ಸ್ಟಾಲರ್‌ಗಳ ಜೊತೆ ಏನೇನು ಬರುತ್ತದೆಯೋ ಹೇಳಲಾಗದು. ಬೋರ್‌ಲ್ಯಾಂಡ್ ತಾನಾಗಿ ಉಚಿತವಾಗಿ ಬಿಟ್ಟದ್ದು ಟರ್ಬೊ ಸಿ 2.01 ಮತ್ತು ಟರ್ಬೊ ಸಿ++ 1.01. ನಮ್ಮಲ್ಲಿ ಕೈಯಿಂದ ಕೈಗೆ ಓಡಾಡುವ 3.0 ಆ ಪಟ್ಟಿಯಲ್ಲಿಲ್ಲ.

ಈಗ ಯೂಟ್ಯೂಬ್‌ನ ಉತ್ತರಕ್ಕೆ ಬರೋಣ. ಹಳೆ ಪಿಸಿಯಲ್ಲಿ ಸಿ ಕಲಿಯಲಾಗದು ಎಂಬ ನಂಬಿಕೆ ಹುಟ್ಟಿದ್ದೇ ವಿಎಸ್ ಕೋಡ್ ಹಾಕಿ ನೋಡಿದವರಿಂದ. ವಿಎಸ್ ಕೋಡ್ ಕಂಪೈಲರ್ ಅಲ್ಲ, ಎಡಿಟರ್. ಅದರ ಹೊಟ್ಟೆಯೊಳಗೆ ಒಂದಿಡೀ ಬ್ರೌಸರ್ ಕುಳಿತಿದೆ. ಜಿಸಿಸಿ ಬೇರೆಯಾಗಿ ಹಾಕಬೇಕು, ದಾರಿ ತೋರಿಸಬೇಕು, ಎಕ್ಸ್‌ಟೆನ್ಶನ್ ಸೇರಿಸಬೇಕು. ಹೊಸಬರು ಒಂದು ಸಾಲು ಬರೆಯುವ ಮೊದಲೇ ಸುಸ್ತಾಗುತ್ತಾರೆ. ವಿಂಡೋಸ್ 7ಕ್ಕೆ ಅದರ ಕೊನೆಯ ಆವೃತ್ತಿ 2022ರ ಜುಲೈಯದು, ಆಮೇಲಿನವು ಅಲ್ಲಿ ನಡೆಯುವುದಿಲ್ಲ. ವಿಷುವಲ್ ಸ್ಟುಡಿಯೊ ಇದರ ಅಣ್ಣ. ಎಕ್ಸ್‌ಪಿಯಲ್ಲಿ ಹಾಕಲು ಬರುವ ಕೊನೆಯದು 2010ರ ಆವೃತ್ತಿ, ಇವತ್ತು ಅದರ ಹಿಂದೆ ಬೀಳುವುದು ವ್ಯರ್ಥ.

ನನ್ನ ಮಟ್ಟಿಗೆ ಇಡೀ ಚರ್ಚೆಯ ತಿರುಳು ಇಲ್ಲಿದೆ. ಯಂತ್ರವನ್ನು ಬಗ್ಗಿಸುವುದು ಕಂಪೈಲರ್ ಅಲ್ಲ, ಅದರ ಸುತ್ತ ಕಟ್ಟಿದ ಅಲಂಕಾರ. ರಿಚರ್ಡ್ ಸ್ಟಾಲ್‌ಮನ್ 1987ರಲ್ಲಿ ಹೊರತಂದ ಜಿಸಿಸಿ ಅಂದಿನಿಂದ ಬೆಳೆಯುತ್ತಲೇ ಬಂದಿದೆ. ಆದರೂ ಲ್ಯಾಬ್‌ನ ನೂರು ಸಾಲಿನ ಸಿ ಪ್ರೋಗ್ರಾಮನ್ನು ಕಂಪೈಲ್ ಮಾಡಲು ಒಂದು ಜಿಬಿ ರ‍್ಯಾಮ್‌ನ ಪೆಂಟಿಯಮ್ 4 ಅದಕ್ಕೆ ಬೇಕಾದಷ್ಟಾಯಿತು. ಸಿ++ನಲ್ಲಿ ಐಒಸ್ಟ್ರೀಮ್ ಸೇರಿಸಿದಾಗ ಕೆಲವು ಸೆಕೆಂಡ್ ಕಾಯಬೇಕಾದೀತು. ಒಂದೊಂದು ಹೆಡರ್ ಹಿಂದೆ ಸಾವಿರಾರು ಸಾಲು ಬರುತ್ತವಲ್ಲ, ಅದಕ್ಕೆ. ಕೋಡಿಂಗ್ ಸ್ಪರ್ಧೆಗೆ ಇಳಿದ ಹುಡುಗರು ಎಲ್ಲ ಹೆಡರ್‌ಗಳನ್ನೂ ಒಂದೇ ಸಾಲಿನಲ್ಲಿ ಎಳೆದುಕೊಳ್ಳುವ ಚಾಳಿ ಬೆಳೆಸಿಕೊಂಡಿದ್ದಾರೆ. ಹಳೆ ಯಂತ್ರದಲ್ಲಿ ಆ ಚಾಳಿಯನ್ನು ಬಿಡುವುದೊಂದೇ ಅರ್ಧ ವೇಗ ತಂದುಕೊಡುತ್ತದೆ.

ಅದಕ್ಕಿಂತ ಹಗುರವಾದದ್ದು ಬೇಕೆಂದರೆ ಟಿಸಿಸಿ ಇದೆ, ಟೈನಿ ಸಿ ಕಂಪೈಲರ್. ಬರೆದದ್ದು ಫ್ರಾನ್ಸ್‌ನ ಫ್ಯಾಬ್ರಿಸ್ ಬೆಲಾರ್. ಎಫ್‌ಎಫ್‌ಎಂಪೆಗ್ ಮತ್ತು ಕ್ಯೂಎಮು ಶುರುಮಾಡಿದವರೂ ಅವರೇ. 0.9.27 ಎಂಬ ಆವೃತ್ತಿ 2017ರ ಡಿಸೆಂಬರಿನದು. ವಿಂಡೋಸ್‌ಗೆ ಬೇಕಾದ್ದೆಲ್ಲ ಒಂದು ಪುಟ್ಟ ಜಿಪ್ ಫೈಲಿನಲ್ಲಿದೆ, ಬಿಚ್ಚಿದರೆ ಮುಗಿಯಿತು, ಇನ್‌ಸ್ಟಾಲ್ ಕೂಡ ಬೇಡ. ರನ್ ಎಂಬ ಆಯ್ಕೆ ಕೊಟ್ಟರೆ ಕಂಪೈಲ್ ಮಾಡಿ ಅಲ್ಲೇ ನಡೆಸಿಯೂ ಬಿಡುತ್ತದೆ, ಪೈಥಾನ್ ನಡೆಸಿದಷ್ಟೇ ಸಲೀಸು. ಇಂಟ್ 32 ಬಿಟ್, ಭಾಷೆ ಬಹುಮಟ್ಟಿಗೆ ಸಿ99. ಕೊರತೆಗಳೂ ಇವೆ. ಸಿ++ ಇದಕ್ಕೆ ಬಾರದು. ಮೊದಲ ತಪ್ಪು ಸಿಕ್ಕ ಕೂಡಲೇ ನಿಲ್ಲುತ್ತದೆ, ಉಳಿದ ತಪ್ಪುಗಳನ್ನು ಹೇಳುವುದಿಲ್ಲ. ಎಚ್ಚರಿಕೆಗಳೂ ಜಿಸಿಸಿಯಷ್ಟು ಇಲ್ಲ. ಆದರೆ ಎಕ್ಸ್‌ಪಿ ಬಿಡಲಾಗದ, ಇಂಟರ್‌ನೆಟ್ ಇಲ್ಲದ ಪೆಂಟಿಯಮ್ 4ರ ಮೇಲೆ ಬರೀ ಸಿ ಕಲಿಯಬೇಕಾದವರಿಗೆ ಇದಕ್ಕಿಂತ ಒಳ್ಳೆಯದನ್ನು ನಾನು ಕಂಡಿಲ್ಲ.

ವಿಂಡೋಸ್ 7ರಲ್ಲೇ ಇರುತ್ತೇವೆ, ಎಡಿಟರ್ ಕಂಪೈಲರ್ ಎರಡೂ ಒಟ್ಟಿಗೆ ಬೇಕು ಎನ್ನುವವರಿಗೆ ಡೆವ್ ಸಿ++ ಅಥವಾ ಕೋಡ್‌ಬ್ಲಾಕ್ಸ್. ಡೆವ್ ಸಿ++ನಲ್ಲಿ ಆವೃತ್ತಿ ನೋಡಿಕೊಳ್ಳಬೇಕು. 2005ರ 4.9.9.2 ಈಗಲೂ ಸೀಡಿಗಳಲ್ಲಿ, ಪೆನ್‌ಡ್ರೈವ್‌ಗಳಲ್ಲಿ ಸಿಗುತ್ತದೆ. ಅದರೊಳಗಿನ ಜಿಸಿಸಿ 3.4ರ ಕಾಲದ್ದು, ಸಿ++11 ಗೊತ್ತೇ ಇಲ್ಲ. ಹಾಕುವುದಾದರೆ 2015ರ 5.11 ಹಾಕಬೇಕು, ಅದರಲ್ಲಿ ಜಿಸಿಸಿ 4.9.2 ಇದೆ. ಈ ಡೆವ್ ಸಿ++ ಅನ್ನು ಬರೆದದ್ದು ಡೆಲ್ಫಿಯಲ್ಲಿ ಎಂಬುದು ತಮಾಷೆಯ ಸಂಗತಿ. ಡೆಲ್ಫಿ ಎಂದರೆ ಅದೇ ಹೈಲ್ಸ್‌ಬರ್ಗ್ ಬೋರ್‌ಲ್ಯಾಂಡ್‌ನಲ್ಲಿ 1995ರಲ್ಲಿ ತಂದ ಪಾಸ್ಕಲ್‌ನ ಮುಂದಿನ ಅವತಾರ. ಮುಂದೆ ಮೈಕ್ರೋಸಾಫ್ಟ್‌ಗೆ ಹೋಗಿ ಅವರು ಟೈಪ್‌ಸ್ಕ್ರಿಪ್ಟ್ ರೂಪಿಸಿದರು, ವಿಎಸ್ ಕೋಡ್ ಬರೆದಿರುವುದು ಟೈಪ್‌ಸ್ಕ್ರಿಪ್ಟ್‌ನಲ್ಲಿ. ನಮ್ಮ ಹುಡುಗರು ಯಾವ ಕಿಟಕಿ ತೆರೆದರೂ ಆ ಒಬ್ಬ ಮನುಷ್ಯನ ಕೈಕೆಲಸವೇ ಎದುರಾಗುತ್ತದೆ.

ಬೇರೆ ಭಾಷೆಗಳ ಮಾತನ್ನು ಬೇಗ ಮುಗಿಸಬಹುದು. ಸಿಬಿಎಸ್‌ಇ ಸಿ++ ಬಿಟ್ಟು ಪೈಥಾನ್ ಹಿಡಿದು ಕೆಲವು ವರ್ಷಗಳಾದವು, ಈಗ ಪೈಥಾನ್ ಎಲ್ಲ ಕಡೆ ಇದೆ. ಎಕ್ಸ್‌ಪಿಗೆ ಕೊನೆಯದು ಪೈಥಾನ್ 3.4, ವಿಂಡೋಸ್ 7ಕ್ಕೆ 3.8. ಜೊತೆಗೇ ಬರುವ ಐಡಲ್ ಎಡಿಟರ್ ಹಳೆ ಯಂತ್ರಕ್ಕೆ ಸಾಕು, ಪೈಚಾರ್ಮ್ ಗೊಡವೆ ಬೇಡ. ಜಾವಾ ಕಲಿಯುವವರು ಎಕ್ಲಿಪ್ಸ್, ನೆಟ್‌ಬೀನ್ಸ್ ಬಿಟ್ಟು ಜಾವಾ 8 ಮತ್ತು ನೋಟ್‌ಪ್ಯಾಡ್‌ನಂಥ ಎಡಿಟರ್‌ನಲ್ಲಿ ಬರೆಯಲಿ. ಗೋ ಭಾಷೆಗೆ ವಿಂಡೋಸ್ 7ರ ಮೇಲೆ 1.20 ಕೊನೆ. ರಸ್ಟ್ ಅನ್ನು ಎರಡು ಜಿಬಿಯ ಯಂತ್ರದಲ್ಲಿ ಕಲಿಯಲು ಹೊರಡುವುದು ಹುಂಬತನ. ಫ್ರೀ ಪಾಸ್ಕಲ್ ಬಗ್ಗೆ ಮಾತ್ರ ನನಗೊಂದು ಮಮತೆ. 1993ರಲ್ಲಿ ಆರಂಭವಾಗಿ ಇಂದಿಗೂ ಜೀವಂತವಿರುವ ಈ ಕಂಪೈಲರ್ ಹಳೆ ಯಂತ್ರದಲ್ಲೂ ಕಣ್ಣು ಮಿಟುಕಿಸುವಷ್ಟರಲ್ಲಿ ಕೆಲಸ ಮುಗಿಸುತ್ತದೆ. ನೀಲಿ ಪರದೆಯ ಮೋಹ ಬಿಡದವರಿಗೆ ಅದೇ ಚಹರೆಯ ಎಡಿಟರ್ ಕೂಡ ಇದೆ. ಪಠ್ಯದಲ್ಲಿ ಪಾಸ್ಕಲ್ ಇಲ್ಲದಿರುವುದೊಂದೇ ಕೊರತೆ, ಪರೀಕ್ಷೆ ಬರೆಯಬೇಕಾದವರಿಗೆ ಆ ಕೊರತೆ ಸಣ್ಣದಲ್ಲ.

ಇನ್ನೂ ಹಿಂದೆ ಹೋದರೆ, 1984ರಲ್ಲಿ ಕೇಂದ್ರ ಸರ್ಕಾರ 'ಕ್ಲಾಸ್' ಎಂಬ ಯೋಜನೆಯಡಿ ದೇಶದ ಆಯ್ದ ಶಾಲೆಗಳಿಗೆ ಬ್ರಿಟನ್ನಿನ ಏಕಾರ್ನ್ ಕಂಪನಿಯ ಬಿಬಿಸಿ ಮೈಕ್ರೊ ಕಂಪ್ಯೂಟರ್‌ಗಳನ್ನು ಕೊಟ್ಟಿತು. ಅವುಗಳಲ್ಲಿ ಆಯ್ಕೆಯ ಪ್ರಶ್ನೆಯೇ ಇರಲಿಲ್ಲ, ಸ್ವಿಚ್ ಹಾಕಿದರೆ ಬೇಸಿಕ್ ಬಂದು ನಿಲ್ಲುತ್ತಿತ್ತು. ಅಂಥ ಎಂಟು ಬಿಟ್ ಯಂತ್ರಗಳನ್ನು ಇಂದು ಇಟ್ಟುಕೊಂಡವರು ಅವುಗಳ ಮೇಲೆ ಕಂಪೈಲ್ ಮಾಡುವ ಗೋಜಿಗೆ ಹೋಗಬೇಕಿಲ್ಲ. ಈಗಿನ ಪಿಸಿಯಲ್ಲಿ ಕಂಪೈಲ್ ಮಾಡಿ ಅಲ್ಲಿಗೆ ಸಾಗಿಸುವ ಕ್ರಾಸ್ ಕಂಪೈಲರ್‌ಗಳಿವೆ, ಝಡ್80 ಪ್ರೊಸೆಸರಿಗೆ ಎಸ್‌ಡಿಸಿಸಿ ಅಂಥದ್ದೊಂದು. ಅದೇ ಎಸ್‌ಡಿಸಿಸಿ ನಮ್ಮ ಇಲೆಕ್ಟ್ರಾನಿಕ್ಸ್ ಲ್ಯಾಬ್‌ಗಳ 8051 ಮೈಕ್ರೋಕಂಟ್ರೋಲರ್‌ಗೂ ಸಲ್ಲುತ್ತದೆ. ಲ್ಯಾಬ್‌ನಲ್ಲಿ ಬಳಸುವ ಕೈಲ್‌ನ ಉಚಿತ ಆವೃತ್ತಿಯಲ್ಲಿ ಪ್ರೋಗ್ರಾಮ್ ಎರಡು ಕೆಬಿ ದಾಟುವಂತಿಲ್ಲ, ಎಸ್‌ಡಿಸಿಸಿಗೆ ಆ ಕಟ್ಟಳೆಯಿಲ್ಲ.

ಎರಡು ಜಿಬಿಯ ಕೋರ್ 2 ಡ್ಯುಯೊಗೆ ಸಲ್ಲುವ ಉತ್ತರ ಲಿನಕ್ಸ್ ಎಂಬುದರಲ್ಲಿ ನನಗೆ ಅನುಮಾನವಿಲ್ಲ. ಎಕ್ಸ್‌ಪಿಗೆ ಮೈಕ್ರೋಸಾಫ್ಟ್ ಬೆಂಬಲ 2014ರ ಏಪ್ರಿಲ್‌ನಲ್ಲಿ ನಿಂತಿತು, ವಿಂಡೋಸ್ 7ಕ್ಕೆ 2020ರ ಜನವರಿಯಲ್ಲಿ, ವಿಂಡೋಸ್ 10ಕ್ಕೆ 2025ರ ಅಕ್ಟೋಬರಿನಲ್ಲಿ. ಅಂದರೆ ಮನೆಯ ಹಳೆ ಯಂತ್ರಗಳೆಲ್ಲ ಈಗ ಕಾವಲಿಲ್ಲದ ಹೊಲಗಳೇ. 64 ಬಿಟ್‌ನ ಡೆಬಿಯನ್ ಲಿನಕ್ಸ್ ಹಾಕಿ, ಡೆಸ್ಕ್‌ಟಾಪ್‌ಗೆ ಎಕ್ಸ್‌ಎಫ್‌ಸಿಇ ಅಥವಾ ಎಲ್‌ಎಕ್ಸ್‌ಕ್ಯೂಟಿ ಆರಿಸಿ, ಜಿಸಿಸಿ ಮತ್ತು ಜೀನಿ ಎಂಬ ಎಡಿಟರ್ ಸೇರಿಸಿಕೊಂಡರೆ ಒಂದು ಇಂಜಿನಿಯರಿಂಗ್ ಲ್ಯಾಬ್‌ಗೆ ಬೇಕಾದ್ದೆಲ್ಲ ಬಂತು. ಜೀನಿಯಲ್ಲಿ ಎಫ್9 ಒತ್ತಿದರೆ ಬಿಲ್ಡ್, ಎಫ್5 ಒತ್ತಿದರೆ ರನ್. ಟರ್ಬೊ ಸಿಯಿಂದ ಬಂದವರಿಗೆ ಎರಡು ದಿನದಲ್ಲಿ ಕೈ ಕೂರುತ್ತದೆ. ನಿಜವಾಗಿಯೂ 32 ಬಿಟ್ ಆಗಿರುವ ಯಂತ್ರಕ್ಕೆ ಮಾತ್ರ ದಾರಿ ಕಿರಿದಾಗುತ್ತಿದೆ. 32 ಬಿಟ್ ಇನ್‌ಸ್ಟಾಲರ್ ಇರುವ ಕೊನೆಯದು 2023ರ ಡೆಬಿಯನ್ 12. 2025ರ ಆಗಸ್ಟ್‌ನಲ್ಲಿ ಬಂದ 13ರಲ್ಲಿ ಅದಿಲ್ಲ. 256 ಎಂಬಿ ರ‍್ಯಾಮ್‌ಗೂ ಸಾಕೆನ್ನುವ ಆಂಟಿಎಕ್ಸ್ ಇಂಥವುಗಳಿಗೆಂದೇ ಇದೆ.

ಖರ್ಚು ಮಾಡಲು ಸ್ವಲ್ಪ ದುಡ್ಡಿದ್ದರೆ ಅದು ಹೊಸ ಪ್ರೊಸೆಸರಿಗಲ್ಲ, ಎಸ್‌ಎಸ್‌ಡಿಗೆ ಹೋಗಲಿ. ಹಳೆ ಹಾರ್ಡ್‌ಡಿಸ್ಕ್ ತೆಗೆದು ಸಣ್ಣದೊಂದು ಎಸ್‌ಎಸ್‌ಡಿ ಕೂರಿಸಿದರೆ ಕೋರ್ 2 ಡ್ಯುಯೊ ಬೇರೆಯೇ ಯಂತ್ರವಾಗುತ್ತದೆ. ಅದಕ್ಕಿಂತ ಮೊದಲು ಮದರ್‌ಬೋರ್ಡ್ ಮೇಲಿನ ನಾಣ್ಯದಂಥ ಸಿಮೋಸ್ ಬ್ಯಾಟರಿ ಬದಲಿಸಬೇಕು. ನಮ್ಮ ಭಾಗದಲ್ಲಿ ಬೇಸಿಗೆಯಲ್ಲಿ ಕರೆಂಟ್ ಹೋಗಿ ಬಂದು ಮಾಡುತ್ತದೆ. ಬ್ಯಾಟರಿ ಸತ್ತಿದ್ದರೆ ಪ್ರತಿ ಸಲವೂ ಗಡಿಯಾರ ಹತ್ತಿಪ್ಪತ್ತು ವರ್ಷ ಹಿಂದಕ್ಕೆ ಓಡುತ್ತದೆ. ಆಗ ಬ್ರೌಸರ್ ಯಾವ ತಾಣವನ್ನೂ ನಂಬುವುದಿಲ್ಲ, ಪ್ಯಾಕೇಜ್ ಇಳಿಯುವುದಿಲ್ಲ. ಮೇಕ್ ಎಂಬ ಉಪಕರಣ ಗಡಿಯಾರ ಓರೆಯಾಗಿದೆ ಎಂದು ಎಚ್ಚರಿಸಿ, ಬದಲಾದ ಫೈಲನ್ನೂ ಕಂಪೈಲ್ ಮಾಡದೆ ಬಿಡಬಹುದು. ಕಂಪೈಲರೇ ಕೆಟ್ಟಿದೆ ಎಂದು ಮತ್ತೆ ಮತ್ತೆ ಇನ್‌ಸ್ಟಾಲ್ ಮಾಡುವವರಿದ್ದಾರೆ. ಕೆಟ್ಟಿರುವುದು ಸಿಆರ್2032 ಎಂಬ ಬಿಲ್ಲೆ.

ಕನ್ನಡದ ಕಡೆಯಿಂದಲೂ ಈ ಆಯ್ಕೆಯನ್ನು ನೋಡಬೇಕು. ಟರ್ಬೊ ಸಿಗೆ ಯೂನಿಕೋಡ್ ಗೊತ್ತಿಲ್ಲ. ಹೆಸರು ಕನ್ನಡದಲ್ಲಿ ಮುದ್ರಿಸಲು ಹೊರಟರೆ ಪರದೆ ತುಂಬ ಕಸ. ಜಿಸಿಸಿ, ಟಿಸಿಸಿಗಳಲ್ಲಿ ಕನ್ನಡದ ಸ್ಟ್ರಿಂಗ್ ಇಡಬಹುದು, ಫೈಲಿಗೆ ಬರೆಯಬಹುದು, ಟಿಪ್ಪಣಿಗಳನ್ನು ಕನ್ನಡದಲ್ಲೇ ಹಾಕಬಹುದು. ಇಲ್ಲೊಂದು ಪಾಠವೂ ಅಡಗಿದೆ. 'ಜಗತ್' ಎಂಬ ಸ್ಟ್ರಿಂಗ್‌ನ ಉದ್ದವನ್ನು ಸ್ಟ್ರ್‌ಲೆನ್‌ನಿಂದ ಕೇಳಿದರೆ 12 ಎನ್ನುತ್ತದೆ. ಕಣ್ಣಿಗೆ ಕಾಣುವುದು ಮೂರೇ ಅಕ್ಷರ. ಒಳಗಿರುವುದು ಜ, ಗ, ತ ಮತ್ತು ಹಲಂತದ ಗುರುತು ಸೇರಿ ನಾಲ್ಕು ಸಂಕೇತ. ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಸಂಕೇತಕ್ಕೂ ಮೂರು ಬೈಟ್. ಪಾಲಿಂಡ್ರೋಮ್ ಪ್ರೋಗ್ರಾಮ್ ಬರೆದ ವಿದ್ಯಾರ್ಥಿ ಅದಕ್ಕೊಂದು ಕನ್ನಡ ಪದ ಕೊಟ್ಟು ನೋಡಲಿ, ಅಕ್ಷರ ಮತ್ತು ಬೈಟ್ ಬೇರೆ ಬೇರೆ ಎಂಬುದು ಯಾವ ಉಪನ್ಯಾಸಕ್ಕಿಂತ ಚೆನ್ನಾಗಿ ತಿಳಿಯುತ್ತದೆ. ವಿಂಡೋಸ್‌ನ ಕಪ್ಪು ಕಿಟಕಿಯಲ್ಲಿ ಕನ್ನಡ ನೆಟ್ಟಗೆ ಕಾಣುವುದಿಲ್ಲ, ಲಿನಕ್ಸ್‌ನ ಎಷ್ಟೋ ಟರ್ಮಿನಲ್‌ಗಳಲ್ಲೂ ಒತ್ತಕ್ಷರ ಒಡೆಯುತ್ತದೆ. ಔಟ್‌ಪುಟ್ ಅನ್ನು ಫೈಲಿಗೆ ಬರೆದು ಎಡಿಟರ್‌ನಲ್ಲಿ ತೆರೆದರೆ ಸರಿ ಕಾಣುತ್ತದೆ.

ಇಷ್ಟೆಲ್ಲ ರಗಳೆ ಯಾಕೆ, ಫೋನ್ ಇದೆಯಲ್ಲ ಎನ್ನುವವರ ಮಾತನ್ನೂ ತಳ್ಳಿಹಾಕುವಂತಿಲ್ಲ. ಎಷ್ಟೋ ಮನೆಗಳಲ್ಲಿ ಮಗಳ ಕೈಯಲ್ಲಿರುವ ಫೋನ್ ಮೇಜಿನ ಮೇಲಿನ ಪಿಸಿಗಿಂತ ಬಲಶಾಲಿ. ಆನ್‌ಲೈನ್ ಕಂಪೈಲರ್‌ಗಳು ಚಿಕ್ಕ ಪ್ರಯೋಗಗಳಿಗೆ ಸಾಕು, ನೆಟ್‌ವರ್ಕ್ ಇರುವ ತನಕ. ನೆಟ್ ಇಲ್ಲದೆಯೂ ನಡೆಯಬೇಕೆಂದರೆ ಎಫ್-ಡ್ರಾಯ್ಡ್‌ನಿಂದ ಟರ್ಮಕ್ಸ್ ಇಳಿಸಿಕೊಂಡು ಒಳಗೆ ಕ್ಲ್ಯಾಂಗ್ ಹಾಕಿಕೊಂಡರೆ ಪೂರ್ಣಪ್ರಮಾಣದ ಸಿ, ಸಿ++ ಕಂಪೈಲರ್ ಅಂಗೈಯಲ್ಲಿರುತ್ತದೆ. ಕಷ್ಟವಿರುವುದು ಟೈಪಿಂಗ್‌ನಲ್ಲಿ. ಪುಷ್ಪಾವರಣ, ಸೆಮಿಕೋಲನ್ ಹುಡುಕುತ್ತ ಫೋನಿನ ಕೀಬೋರ್ಡ್‌ನಲ್ಲಿ ಲಿಂಕ್ಡ್ ಲಿಸ್ಟ್ ಬರೆಯುವುದು ಶಿಕ್ಷೆಯೇ ಸರಿ. ಹಾಗಾಗಿ ಬಸ್ಸಿನಲ್ಲಿ ಓದಲು, ತಿದ್ದಲು ಫೋನ್ ಆಗಲಿ. ಕಮಲಾಪುರದಿಂದ ಕಲಬುರಗಿಗೆ ಬರುವಷ್ಟರಲ್ಲಿ ಒಂದು ಫಂಕ್ಷನ್ ತಿದ್ದಿ ಮುಗಿಸಬಹುದು. ಬರೆಯಲು ಮಾತ್ರ ಮನೆಯ ಕೀಬೋರ್ಡೇ ಬೇಕು.

ಉಳಿದದ್ದು ಲ್ಯಾಬ್ ಪರೀಕ್ಷೆಯ ಅಂಜಿಕೆ. "ಕಾಲೇಜಿನಾಗ ಟರ್ಬೊ ಅದ, ಮನ್ಯಾಗ ಬ್ಯಾರೆ ಕಲತ್ರ ಮಾರ್ಕ್ಸ್ ಹೋಗ್ತಾವ" ಎಂಬ ಭಯಕ್ಕೆ ಆಧಾರವಿಲ್ಲವೆನ್ನಲಾರೆ. ಆದರೆ ಜಿಸಿಸಿಯಲ್ಲಿ ಎಲ್ಲ ಎಚ್ಚರಿಕೆ ಹಚ್ಚಿಕೊಂಡು ಶುದ್ಧವಾಗಿ ಬರೆದ ಸರಳ ಸಿ ಪ್ರೋಗ್ರಾಮ್, ಚಲಗಳನ್ನು ಬ್ಲಾಕಿನ ಮೇಲ್ಗಡೆಯೇ ಘೋಷಿಸಿದ್ದರೆ, ಟರ್ಬೊ ಸಿಯಲ್ಲೂ ಬಹುತೇಕ ಹಾಗೇ ನಡೆಯುತ್ತದೆ. ತಿರುಗಾಮುರುಗಾ ಆದರೆ ನಡೆಯುವುದಿಲ್ಲ. ಗ್ರಾಫಿಕ್ಸ್ ಡಾಟ್ ಎಚ್ ಬಳಸಿ ವೃತ್ತ ಬಿಡಿಸುವ ಹಳೆ ಪ್ರೋಗ್ರಾಮ್‌ಗಳು ಮಾತ್ರ ಅಪವಾದ. ಅವುಗಳಿಗೆ ವಿಂಡೋಸ್‌ನಲ್ಲಿ ವಿನ್‌ಬಿಜಿಐ ಎಂಬ ಬದಲಿ ಲೈಬ್ರರಿ ಇದೆ. ಹೇಳಿಕೊಡುವವರು ಇಲ್ಲ ಎನ್ನುವವರಿಗೆ ಐಐಟಿ ಬಾಂಬೆಯ ಸ್ಪೋಕನ್ ಟ್ಯುಟೋರಿಯಲ್ ಯೋಜನೆಯ ಸಿ ಮತ್ತು ಸಿ++ ಪಾಠಗಳು ಕನ್ನಡದ ದನಿಯಲ್ಲೇ ಇವೆ, ಅವು ಲಿನಕ್ಸ್ ಮತ್ತು ಜಿಸಿಸಿಯ ಮೇಲೆಯೇ ನಡೆಯುತ್ತವೆ. ಒಮ್ಮೆ ಇಳಿಸಿಟ್ಟುಕೊಂಡರೆ ನೆಟ್ ಬೇಡ.

ಕಾಲೇಜಿನ ಮೇಷ್ಟ್ರುಗಳಲ್ಲಿ ಒಂದು ಕೋರಿಕೆಯಿದೆ. ಲ್ಯಾಬ್ ಮ್ಯಾನ್ಯುಯಲ್‌ನ ಮೊದಲ ಪುಟದಲ್ಲಿ ಯಾವ ಕಂಪೈಲರ್, ಯಾವ ಆವೃತ್ತಿ ಎಂಬುದನ್ನು ಮುದ್ರಿಸಿ. ಜಿಸಿಸಿಯಲ್ಲಿ ಬರೆದು ತಂದ ಪ್ರೋಗ್ರಾಮನ್ನು 'ಕ್ಲಿಯರ್‌ಸ್ಕ್ರೀನ್ ಎಲ್ಲಿ?' ಎಂದು ಕೇಳಿ ಅಂಕ ಕಳೆಯಬೇಡಿ. ಸೆಮಿಸ್ಟರ್ ಶುರುವಾಗುವ ಮೊದಲ ವಾರದಲ್ಲಿ ಒಂದು ತರಗತಿಯನ್ನು ಪಾಠಕ್ಕೆ ಬಿಡದೆ, ಹುಡುಗರು ತಮ್ಮ ಮನೆಯ ಸಿಪಿಯು ತಂದು ಡೆಬಿಯನ್ ಹಾಕಿಸಿಕೊಂಡು ಹೋಗಲು ಕೊಡಿ. ಒಂದು ಪೆನ್‌ಡ್ರೈವ್ ಇದ್ದರೆ ಆಗುವ ಕೆಲಸ ಅದು.